ಊರ ಕಲ್ಲನ್ನು ಊರಿಗೇ ಓದಿಸುವುದು: ಸಣ್ಣ ಮ್ಯೂಸಿಯಂಗಳ ಶಾಲೆ ಮತ್ತು ಹಳ್ಳಿ ಕಾರ್ಯಕ್ರಮಕ್ಕೆ ಕೈಪಿಡಿ

ಎರಡು ಬಸ್ಸು, 110 ಮಕ್ಕಳು, ನಾಲ್ವರು ಮೇಷ್ಟ್ರು, 25 ನಿಮಿಷ. ಶಾಲಾ ಪ್ರವಾಸದ ಕಾಲದಲ್ಲಿ ಜಿಲ್ಲಾ ಮ್ಯೂಸಿಯಂಗಳಲ್ಲಿ ಕಾಣುವ ಲೆಕ್ಕ ಇದು. ಮಕ್ಕಳು ಒಂದು ಬಾಗಿಲಲ್ಲಿ ಸಾಲಾಗಿ ಒಳಬಂದು ಇನ್ನೊಂದು ಬಾಗಿಲಲ್ಲಿ ಸಾಲಾಗಿ ಹೊರಹೋಗುತ್ತಾರೆ. ನಡುವೆ ಅವರ ಕಿವಿಗೆ ಬಿದ್ದದ್ದು ‘ಮುಟ್ಟಬೇಡಿ’, ‘ಗಲಾಟೆ ಮಾಡಬೇಡಿ’, ‘ಬೇಗ ಬೇಗ’ ಎಂಬ ಮೂರೇ ಮಾತು. ವರ್ಷದ ವರದಿಯಲ್ಲಿ ಸಂದರ್ಶಕರ ಸಂಖ್ಯೆಯೇನೋ ಚೆನ್ನಾಗಿ ಕಾಣುತ್ತದೆ. ಮಗುವಿಗೆ ನೆನಪಿರುವುದು ಗೇಟಿನ ಹೊರಗೆ ತಿಂದ ಐಸ್‌ಕ್ಯಾಂಡಿ.

ಇದನ್ನು ಸರಿಮಾಡಲು ದೊಡ್ಡ ಕಟ್ಟಡವೂ ಬೇಡ, ಟಚ್‌ಸ್ಕ್ರೀನೂ ಬೇಡ. ಇಬ್ಬರು ಸಿಬ್ಬಂದಿ, ಒಂದು ಜಗಲಿ, ಒಂದು ಟಾರ್ಚ್ ಇರುವ ತಾಲ್ಲೂಕು ಮಟ್ಟದ ಮ್ಯೂಸಿಯಂ ಕೂಡ ಮಾಡಬಹುದಾದ ಕೆಲಸಗಳನ್ನು ಮುಂದೆ ಬರೆದಿದೆ. ಎಲ್ಲದರ ಬುಡದಲ್ಲಿರುವ ಸೂತ್ರ ಒಂದೇ: ಬಂದ ಮಗುವಿಗೆ ಮೊದಲ ಹತ್ತು ನಿಮಿಷದೊಳಗೆ ತನ್ನ ಊರೋ ತನ್ನ ಮನೆಯೋ ಕಣ್ಣಿಗೆ ಬೀಳಬೇಕು.

ಮೊದಲು ಹುಡುಕಬೇಕಾದದ್ದು ಊರಿನ ಹೆಸರು

ಶಾಲೆಯಿಂದ ಫೋನ್ ಬಂದ ದಿನವೇ ಕೇಳಿಡಿ: ಮಕ್ಕಳು ಯಾವ ಯಾವ ಊರಿನವರು? ಶಾಲೆ ಇರುವ ಊರಷ್ಟೇ ಸಾಲದು. ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬರುವ ಮಕ್ಕಳ ಹಳ್ಳಿಗಳೂ ಬೇಕು. ಆ ಪಟ್ಟಿ ಹಿಡಿದು ಶಾಸನ ಸಂಪುಟ ತೆರೆಯಿರಿ. ಶಾಸನತಜ್ಞ ಬಿ.ಎಲ್. ರೈಸ್ 1886ರಿಂದ ಹೊರತರಲು ತೊಡಗಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳನ್ನು ಜಿಲ್ಲೆ, ತಾಲ್ಲೂಕಿನ ಪ್ರಕಾರ ಜೋಡಿಸಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ತಂದ ಪರಿಷ್ಕೃತ ಸಂಪುಟಗಳೂ ಇವೆ. ಹಳೆಯ ಸಂಪುಟದಲ್ಲೂ ಹೊಸದರಲ್ಲೂ ಒಂದೇ ಶಾಸನಕ್ಕೆ ಬೇರೆ ಬೇರೆ ಸಂಖ್ಯೆ ಇರುವುದುಂಟು. ಯಾವ ಆವೃತ್ತಿಯ ಸಂಖ್ಯೆ ಎಂದು ಬರೆದಿಡದಿದ್ದರೆ ಮುಂದಿನ ವರ್ಷ ನಿಮ್ಮ ಟಿಪ್ಪಣಿ ನಿಮಗೇ ಅರ್ಥವಾಗದು. ರೈಸ್ ಕಾಲದ ತಾಲ್ಲೂಕು ಗಡಿ ಇಂದಿನದಲ್ಲ. ಆದ್ದರಿಂದ ಊರು ಸಿಗಲಿಲ್ಲವೆಂದರೆ ಪಕ್ಕದ ತಾಲ್ಲೂಕನ್ನೂ ನೋಡಿ.

ಧಾರವಾಡ, ವಿಜಯಪುರದ ಕಡೆಯವರಿಗೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಏನೂ ಸಿಗದು. ಅದು ಹಳೇ ಮೈಸೂರು ಸೀಮೆ ಮತ್ತು ಕೊಡಗಿನ ಕೆಲಸ. ಆ ಕಡೆಯ, ಅಂದರೆ ಹಿಂದಿನ ಮುಂಬಯಿ ಕರ್ನಾಟಕದ, ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೇ ಸಂಪುಟಗಳಲ್ಲಿವೆ. ಬಳ್ಳಾರಿ ಸೀಮೆಗೆ 9ನೇ ಸಂಪುಟ, ದಕ್ಷಿಣ ಕನ್ನಡಕ್ಕೆ 7ನೇ ಸಂಪುಟ ನೋಡಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳೂ ಕೈಗೆಟಕುವಂತಿರಲಿ.

ಹುಡುಕುವಾಗ ಒಂದು ಮಾತು ನೆನಪಿರಲಿ. ಹಳಗನ್ನಡದ ‘ಪ’ಕಾರ ಮುಂದೆ ‘ಹ’ ಆಗಿದೆ. ಇಂದಿನ ಹೊಸಹಳ್ಳಿ ಶಾಸನದಲ್ಲಿ ಪೊಸವಳ್ಳಿಯೋ ಪೊಸಪಳ್ಳಿಯೋ ಆಗಿ ಕೂತಿರಬಹುದು. ಹೊಸಹಳ್ಳಿ ಎಂದೇ ಹುಡುಕಿ ‘ಇಲ್ಲ’ ಎಂದು ಸಂಪುಟ ಮುಚ್ಚಿದವರು ಬಹಳ.

ಸಿಕ್ಕ ಸಾಲನ್ನು ಎ3 ಹಾಳೆಯ ಮೇಲೆ ಇಂದಿನ ಲಿಪಿಯಲ್ಲಿ, ಒಂದಂಗುಲ ಎತ್ತರದ ಅಕ್ಷರದಲ್ಲಿ ಮುದ್ರಿಸಿ. ಅರ್ಥವನ್ನು ಬರೆಯಬೇಡಿ. ಮಕ್ಕಳು ಬಂದ ಕೂಡಲೇ ಹಾಳೆ ಕೈಗಿಟ್ಟು ‘ಇದರಲ್ಲಿ ನಿಮಗೆ ಗೊತ್ತಿರುವ ಒಂದು ಹೆಸರಿದೆ, ಹುಡುಕಿ’ ಅನ್ನಿ. ಬೆಂಗಳೂರಿನ ಮಕ್ಕಳಾದರೆ ಬೇಗೂರಿನ ಶಾಸನ ಇದಕ್ಕೆ ಹೇಳಿ ಮಾಡಿಸಿದ್ದು. ಕ್ರಿ.ಶ. ಸುಮಾರು 900ರ ಆ ಗಂಗರ ಕಾಲದ ಕಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಕೆಂಪೇಗೌಡರಿಗಿಂತ ಆರು ಶತಮಾನ ಹಿಂದೆಯೇ ಊರಿಗೆ ಆ ಹೆಸರಿತ್ತೆಂದು ಮಕ್ಕಳೇ ಲೆಕ್ಕ ಹಾಕುತ್ತಾರೆ. ಬೆಂದಕಾಳೂರಿನ ಕಥೆ ಹೇಳಿಕೊಟ್ಟ ಮೇಷ್ಟ್ರ ಮುಖವನ್ನು ಆಗ ನೋಡಬಾರದು.

ಶಾಸನವೇ ಇಲ್ಲದ ಊರಾದರೆ ಅಲ್ಲಿಯ ಕೆರೆಯನ್ನು ಹಿಡಿಯಿರಿ. ಏರಿ, ತೂಬು, ಕೋಡಿ, ನೀರಗಂಟಿ ಎಂಬ ನಾಲ್ಕು ಪದ ಬರೆದು ‘ನಿಮ್ಮೂರಲ್ಲಿ ಇವು ಎಲ್ಲಿವೆ, ಯಾರು?’ ಎಂದು ಕೇಳಿದರೂ ಮಾತು ಶುರುವಾಗುತ್ತದೆ.

ಯಾವಾಗ, ಎಷ್ಟು ಮಂದಿ

ನವೆಂಬರ್‌ನಿಂದ ಜನವರಿ ಪ್ರವಾಸದ ಕಾಲ. ಆಗ ಬಸ್ಸುಗಳು ತಾವಾಗಿ ಬರುತ್ತವೆ, ನೀವು ಆಯ್ಕೆ ಮಾಡಲಾಗದು. ಆಳವಾದ ಕಾರ್ಯಕ್ರಮಗಳಿಗೆ ಜುಲೈನಿಂದ ಸೆಪ್ಟೆಂಬರ್ ಒಳ್ಳೆಯದು. ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ, ಯಾರೂ ಮಕ್ಕಳನ್ನು ಬಿಡುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ನಡೆಯುವ ಕಡೆ ಆ ದಿನವನ್ನೇ ಕೇಳಿ. ಪಾಠ ತಪ್ಪಿತೆಂಬ ತಕರಾರು ಇರುವುದಿಲ್ಲ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಎರಡೂ ಬೇಸಿಗೆ ರಜೆಯಲ್ಲಿ ಬರುವುದರಿಂದ ಶಾಲೆಗಳನ್ನು ನೆಚ್ಚಿಕೊಂಡು ಕಾರ್ಯಕ್ರಮ ಹಾಕಿದರೆ ಖಾಲಿ ಕುರ್ಚಿಗೆ ಭಾಷಣವಾಗುತ್ತದೆ. ಅಜ್ಜಿ ಮನೆಗೆ ಬಂದ ಮಕ್ಕಳಿಗೆ, ಅಜ್ಜಿಯರ ಸಮೇತ, ಸಂಜೆ ಹೊತ್ತು ಮಾಡಿ. ನವೆಂಬರ್ 19ರಿಂದ 25ರ ವಿಶ್ವ ಪರಂಪರೆ ಸಪ್ತಾಹ ಶಾಲೆಗಳಿಗೂ ಹೊಂದುತ್ತದೆ.

ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಪತ್ರ ಕೊಟ್ಟರೆ ಅನುಮತಿ ಬರುತ್ತದೆ, ಮಕ್ಕಳು ಬರುವುದಿಲ್ಲ. ಮಕ್ಕಳನ್ನು ಕರೆತರುವವರು ಸಿಆರ್‌ಪಿಗಳು, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೊಬ್ಬರಂತೆ ಇರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು. ಒಂದು ಕ್ಲಸ್ಟರಿನ ಎಲ್ಲ ಶಾಲೆಗಳ ಮೇಷ್ಟ್ರುಗಳನ್ನು ತಿಂಗಳ ಸಮಾಲೋಚನಾ ಸಭೆಯಲ್ಲಿ ಒಟ್ಟಿಗೆ ಸಿಗುವ ಹಾಗೆ ಮಾಡಬಲ್ಲವರೂ ಅವರೇ. ಆ ಸಭೆಯಲ್ಲಿ 20 ನಿಮಿಷ ಕೇಳಿ ಪಡೆಯಿರಿ. ಭಾಷಣ ಮಾಡದೆ ಮುಂದೆ ಹೇಳುವ ಪೆಟ್ಟಿಗೆಯನ್ನು ತೆರೆದಿಡಿ.

ಒಂದು ತಂಡದಲ್ಲಿ 24 ಮಕ್ಕಳು. ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿಗೆ ಕಲ್ಲು ಕಾಣದು. 24 ಅಂದರೆ ಆರಾರರ ನಾಲ್ಕು ಗುಂಪು ಆಗುತ್ತದೆ, ಲೆಕ್ಕ ಸಲೀಸು. 96 ಮಕ್ಕಳು ಬಂದೇ ಬಂದರೆ ನಾಲ್ಕು ತಂಡ ಮಾಡಿ ಒಂದು ಕಲ್ಲಿನ ಮುಂದೆ, ಒಂದು ಕಾಗದದ ಮೇಲೆ ಶಾಸನದ ಅಚ್ಚು ತೆಗೆಯುವ ಜಗಲಿಯಲ್ಲಿ, ಒಂದು ಅಳಗುಳಿಮಣೆ–ಚೌಕಾಬಾರದ ನೆರಳಿನಲ್ಲಿ, ಒಂದು ಊಟ–ನೀರಿಗೆ. 30 ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಬದಲಿಸಿ. ಬಿಸಿಯೂಟದ ಹೊತ್ತಿಗೆ ಶಾಲೆಗೆ ಮರಳಬೇಕೋ ಇಲ್ಲವೋ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. 12 ಗಂಟೆ ದಾಟಿದ ಮೇಲೆ ಹಸಿದ ಮಗುವಿಗೆ ಹೊಯ್ಸಳರೂ ಒಂದೇ, ಚಾಲುಕ್ಯರೂ ಒಂದೇ. ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂಬುದನ್ನೂ ಹಿಂದಿನ ದಿನವೇ ನೋಡಿ.

ಒಂದೇ ಕಲ್ಲು, ಮುಕ್ಕಾಲು ಗಂಟೆ

ಇಡೀ ಮ್ಯೂಸಿಯಂ ತೋರಿಸಲು ಹೋಗಬೇಡಿ. ಒಂದು ವೀರಗಲ್ಲು ಸಾಕು. ಸಾಮಾನ್ಯ ವೀರಗಲ್ಲಿಗೆ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಅವನು ಲಿಂಗದ ಮುಂದೆಯೋ ಜಿನನ ಮುಂದೆಯೋ ಕೈಮುಗಿದು ಕೂತಿರುವುದು. ತುದಿಯಲ್ಲಿ ಸೂರ್ಯ, ಚಂದ್ರ. ಅಂದರೆ ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇದನ್ನು ನೀವು ಹೇಳಿಬಿಟ್ಟರೆ ಆಟ ಮುಗಿಯಿತು. ಮಕ್ಕಳು ಪುಸ್ತಕದ ಅಭ್ಯಾಸದಂತೆ ಮೇಲಿನಿಂದ ಶುರುಮಾಡಿ, ‘ಪೂಜೆ ಮಾಡ್ತಿದ್ದ, ಡಾನ್ಸ್ ಆಯ್ತು, ಆಮೇಲೆ ಜಗಳ’ ಎಂದು ಕಥೆ ಕಟ್ಟಲಿ. ಯಾರಾದರೊಬ್ಬರು ‘ಸಾರ್, ಉಲ್ಟಾ ಓದಿದ್ರೆ ಸರಿಹೋಗುತ್ತೆ’ ಅನ್ನುವವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಮಾರ್ಗದರ್ಶಕನ ಕೆಲಸ. ಇದು ಕಷ್ಟ, ಬಲ್ಲವರಿಗಂತೂ ಇನ್ನೂ ಕಷ್ಟ.

ಕೇಳಬೇಕಾದ ಪ್ರಶ್ನೆಗಳು ಕಣ್ಣಿಗೆ ಕಾಣುವುದರ ಮೇಲಿರಲಿ. ಕಾಳಗದ ಪಟ್ಟಿಕೆಯಲ್ಲಿ ದನಗಳಿವೆಯೇ? ಇದ್ದರೆ ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರೊಡನೆ ನಡೆದ ಹೋರಾಟ. ವೀರನ ಕೈಯಲ್ಲಿ ಏನಿದೆ: ಬಿಲ್ಲೋ ಕತ್ತಿಯೋ? ಎದುರಾಳಿ ಕುದುರೆ ಮೇಲಿದ್ದಾನೋ ನೆಲದ ಮೇಲೋ? ಕಾಲಿಗೆ ಚಪ್ಪಲಿ ಉಂಟೇ? ಕೊನೆಗೆ, ‘ಸತ್ತವನ ಮನೆಯವರ ಗತಿ ಏನು?’ ಅಂತ ಕೇಳಿ. ಆಗ ನೆತ್ತರುಕೊಡಗೆಯ ಮಾತಿಗೆ ಬನ್ನಿ: ಊರಿಗಾಗಿ ಸತ್ತವನ ಕುಟುಂಬಕ್ಕೆ ಕೊಟ್ಟ ಭೂಮಿ. ‘ನೆತ್ತರು’ ಎಂಬ ಪದ ಮಕ್ಕಳಿಗೆ ಗೊತ್ತು, ವಿವರಣೆ ಬೇಕಿಲ್ಲ.

ಚಿಕ್ಕ ಮಕ್ಕಳಿಗೆ, 4–5ನೇ ತರಗತಿಯವರಿಗೆ, ಆತಕೂರಿನ ಶಾಸನದ ದೊಡ್ಡ ಚಿತ್ರ ಇಟ್ಟುಕೊಳ್ಳಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿರುವ, ಕ್ರಿ.ಶ. 949–50ರ ಕಲ್ಲು. ಮಣಲೆರ ಎಂಬ ವೀರ ತನ್ನ ದೊರೆಯಿಂದ ಬಹುಮಾನವಾಗಿ ಕೇಳಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತಿತು, ಹಂದಿಯೂ ಸತ್ತಿತು; ಅದರ ನೆನಪಿಗೆ ಕಲ್ಲು ನಿಲ್ಲಿಸಿದ. ಕಲ್ಲಿನಲ್ಲಿ ನಾಯಿ ಹಂದಿಯ ಮೇಲೆ ಬಿದ್ದಿರುವ ಉಬ್ಬುಚಿತ್ರವಿದೆ. ಅದೇ ಶಾಸನದಲ್ಲಿ ಚೋಳರ ಮೇಲಿನ ತಕ್ಕೋಲದ ಯುದ್ಧದ ಸಂಗತಿಯೂ ಇದೆ. ಪಠ್ಯಪುಸ್ತಕದವರು ಹಿಡಿಯುವುದು ಯುದ್ಧವನ್ನು, ಮಕ್ಕಳು ಹಿಡಿಯುವುದು ನಾಯಿಯನ್ನು. ನಾಯಿಯಿಂದ ಶುರುಮಾಡಿದರೆ ಯುದ್ಧಕ್ಕೂ ಹೋಗಬಹುದು.

ಮಾಸ್ತಿಕಲ್ಲಿನ ವಿಷಯ ಬೇರೆ. ಬಳೆ ತೊಟ್ಟು ಮೇಲೆತ್ತಿದ ಕೈ, ಬೆರಳ ನಡುವೆ ನಿಂಬೆಹಣ್ಣು. ಮಕ್ಕಳು ‘ಇದೇನು?’ ಎಂದು ಕೇಳೇ ಕೇಳುತ್ತಾರೆ. 8ನೇ ತರಗತಿಗಿಂತ ಕೆಳಗಿನವರಿಗೆ ‘ಗಂಡನೊಡನೆ ಸತ್ತ ಹೆಂಗಸಿನ ನೆನಪಿನ ಕಲ್ಲು, ಇದು ಈಗ ಅಪರಾಧ’ ಎಂದಷ್ಟೇ ಹೇಳಿ ಮುಂದೆ ಹೋಗಿ. ದೊಡ್ಡವರೊಡನೆ ಮಾತಾಡಿ, ಆದರೆ ‘ಮಹಾತಾಯಿ, ತ್ಯಾಗಮೂರ್ತಿ’ ಎಂಬ ಧಾಟಿ ಬೇಡ. ಸತಿಯ ವೈಭವೀಕರಣವನ್ನು 1987ರ ಕಾಯ್ದೆ ನಿಷೇಧಿಸಿದೆ. ಮ್ಯೂಸಿಯಂ ಫಲಕಗಳಲ್ಲೂ ಈ ಧಾಟಿ ಉಳಿದುಕೊಂಡಿದ್ದರೆ ತಿದ್ದಿ.

ಬೆಳಕಿನ ಉಪಾಯವನ್ನು ಮರೆಯಬೇಡಿ. ಕಲ್ಲಿನ ಎದುರಿಗೆ ಟಾರ್ಚ್ ಬಿಟ್ಟರೆ ಸವೆದ ಅಕ್ಷರ ಕಾಣದು. ಕಿಟಕಿ ಮುಚ್ಚಿ, ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ ಪಕ್ಕದಿಂದ, ಓರೆಯಾಗಿ ಹಿಡಿಯಿರಿ. ಅಕ್ಷರದ ಒಂದು ಅಂಚಿಗೆ ನೆರಳು ಬಿದ್ದು ಬರಿಯ ಬಂಡೆಯ ಮೇಲೆ ಸಾಲು ಎದ್ದು ಬರುತ್ತದೆ. ಟಾರ್ಚನ್ನು ಮಗುವಿನ ಕೈಗೇ ಕೊಡಿ. ಎಡದಿಂದ ಕಾಣದ ಗೀಟು ಮೇಲಿನಿಂದ ಕಾಣುತ್ತದೆ, ಹಾಗಾಗಿ ಸುತ್ತಲೂ ಹಿಡಿದು ನೋಡಲಿ. 12–13ನೇ ಶತಮಾನದ ಹೊಯ್ಸಳರ ಕಾಲದ ಅಕ್ಷರಗಳಲ್ಲಿ ಕೆಲವನ್ನಾದರೂ ಇಂದಿನ ಮಗು ಗುರುತಿಸುತ್ತದೆ. ಹಲ್ಮಿಡಿಯಂಥ 5ನೇ ಶತಮಾನದ ಲಿಪಿಯಿಂದ ಶುರುಮಾಡಿದರೆ ‘ಇದು ಕನ್ನಡವೇ ಅಲ್ಲ’ ಎಂದು ಕೈಚೆಲ್ಲುತ್ತದೆ.

ಅಚ್ಚು ತೆಗೆಯುವುದು: ಮೂಲ ಕಲ್ಲಿನ ಮೇಲೆ ಖಂಡಿತ ಬೇಡ

ಮಕ್ಕಳಿಗೆ ಅತಿ ಇಷ್ಟದ ಕೆಲಸ ಇದು, ಅತಿ ಹೆಚ್ಚು ಹಾನಿಯಾಗುವುದೂ ಇದರಲ್ಲೇ. ಮೂಲ ಶಾಸನ ಮುಟ್ಟಬೇಕಿಲ್ಲ. ಶಿಲೆ ಕೆತ್ತುವವರಲ್ಲಿ ಹೋಗಿ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ನಾಲ್ಕು ಕಡಪ ಕಲ್ಲಿನ ಹಲಗೆ ಕೆತ್ತಿಸಿ. ಅಕ್ಷರ ಎರಡಂಗುಲ ಎತ್ತರ, 3 ಮಿಲಿಮೀಟರ್ ಆಳ, ಅಂಚು ಚೂಪಾಗಿರಲಿ. ನಿಮ್ಮ ತಾಲ್ಲೂಕಿನ ನಿಜವಾದ ಶಾಸನದಿಂದ ಎರಡೆರಡು ಸಾಲು, ಮೂಲ ಲಿಪಿಯಲ್ಲೇ. ಕಂಪ್ಯೂಟರ್ ಅಕ್ಷರ ಕೊಟ್ಟರೆ ಸಮಾಧಿ ಕಲ್ಲಿನ ಹಾಗೆ ಕಾಣುತ್ತದೆ. ಮೂಲದ ಫೋಟೋವನ್ನು ಅಳತೆಗೆ ಹಿಗ್ಗಿಸಿ, ಕಾರ್ಬನ್ ಹಾಳೆ ಇಟ್ಟು ಗುರುತು ಮಾಡಿ ಕೊಡಿ.

ಚಿಕ್ಕವರಿಗೆ ಒಣ ಅಚ್ಚು ಸಾಕು. ತೆಳ್ಳನೆಯ ನ್ಯೂಸ್‌ಪ್ರಿಂಟ್ ಹಾಳೆಯನ್ನು ಕಲ್ಲಿನ ಮೇಲೆ ಹರಡಿ ನಾಲ್ಕು ಮೂಲೆಗೂ ಟೇಪ್ ಹಚ್ಚಿ. ಮೇಣದ ಕ್ರೇಯಾನಿನ ಕಾಗದ ಸುಲಿದು ಅಡ್ಡಲಾಗಿ ಹಿಡಿದು ಒಂದೇ ದಿಕ್ಕಿಗೆ ಉಜ್ಜಬೇಕು. ತುದಿಯಿಂದ ಗೀಚಿದರೆ ಹಾಳೆ ಹರಿಯುತ್ತದೆ. ಹಾಳೆ ಸರಿದರೆ ಅಕ್ಷರ ಎರಡೆರಡಾಗಿ ಮೂಡುತ್ತದೆ. ಹಾಗಾಗಿ ಒಬ್ಬರು ಉಜ್ಜುವಾಗ ಇನ್ನೊಬ್ಬರು ಹಿಡಿಯಲಿ.

8ನೇ ತರಗತಿ ಮೇಲ್ಪಟ್ಟವರಿಗೆ ಒದ್ದೆ ಅಚ್ಚು, ಶಾಸನತಜ್ಞರು ಮಾಡುವಂಥದ್ದು. ಬೇಕಾದವು: ನೀರು ಹೀರುವ ಕಾಗದ (ಸಾಮಾನ್ಯವಾಗಿ ಬಳಸುವುದು ಮ್ಯಾಪ್ಲಿಥೋ; ಝೆರಾಕ್ಸ್ ಹಾಳೆ ನಡೆಯದು), ಬಟ್ಟೆ ಉಜ್ಜುವ ಮೆತ್ತನೆಯ ಬ್ರಷ್, ಬಕೆಟ್ ನೀರು, ದೀಪದ ಕಾಡಿಗೆಗೆ ಗೋಂದಿನ ನೀರು ಬೆರೆಸಿದ ಮಸಿ, ಹತ್ತಿಯನ್ನು ನುಣುಪು ಬಟ್ಟೆಯಲ್ಲಿ ಬಿಗಿದು ಕಟ್ಟಿದ ಮುಷ್ಟಿ ಗಾತ್ರದ ಉಂಡೆ, ಮಸಿ ಹರಡಲು ಒಂದು ತಟ್ಟೆ.

ಕಲ್ಲನ್ನು ತೊಳೆದು ಒದ್ದೆಯಿರುವಾಗಲೇ ನೆನೆಸಿದ ಕಾಗದ ಹಾಸಿ. ನಡುವಿನಿಂದ ಅಂಚಿಗೆ ಬ್ರಷ್ಷಿನಿಂದ ಮೆಲ್ಲಗೆ ತಟ್ಟುತ್ತ ಬನ್ನಿ. ಎಳೆಯಬಾರದು, ತಟ್ಟಬೇಕು. ಕಾಗದ ಅಕ್ಷರದ ಗುಳಿಯೊಳಗೆ ಇಳಿದು ಕೂರುತ್ತದೆ. ಈಗ ಕಾಯುವುದು. ಇಡೀ ಕೆಲಸದಲ್ಲಿ ಕೆಡುವುದು ಇಲ್ಲೇ. ಕಾಗದದ ಹೊಳಪು ಹೋಗಿ ಮಬ್ಬಾದಾಗ, ಬೆರಳಿಟ್ಟರೆ ತಣ್ಣಗಿದ್ದರೂ ಒದ್ದೆ ಹತ್ತದಿದ್ದಾಗ ಮಸಿ ಹಚ್ಚಲು ಹದ. ಬೇಗ ಹಚ್ಚಿದರೆ ಮಸಿ ಹರಡಿ ಅಕ್ಷರದೊಳಕ್ಕೆ ಇಳಿಯುತ್ತದೆ. ತಡವಾದರೆ ಕಾಗದ ಕಲ್ಲಿನಿಂದ ಎದ್ದು ಅಕ್ಷರ ಮಸುಕಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಈ ಹದ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ನೆರಳಿನಲ್ಲಿ, ಗಾಳಿಯಿಲ್ಲದ ಕಡೆ ಮಾಡಿ.

ಉಂಡೆಗೆ ಮಸಿ ಹತ್ತಿಸಿ ಮೊದಲು ರದ್ದಿ ಕಾಗದದ ಮೇಲೆ ಎರಡು ಸಲ ಒತ್ತಿ, ಆಮೇಲೆ ಅಚ್ಚಿನ ಮೇಲೆ ಹಗುರವಾಗಿ ಒತ್ತುತ್ತ ಹೋಗಿ. ಒಮ್ಮೆಗೇ ಕಪ್ಪಾಗಬೇಕಿಲ್ಲ, ಮೂರು ಸುತ್ತಿಗೆ ಆಗಲಿ. ನೆಲ ಕಪ್ಪಾಗಿ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಬಿಳಿ ಮಚ್ಚೆಗಳಿದ್ದರೆ ಕೆಳಗೆ ಗಾಳಿ ಸಿಕ್ಕಿಕೊಂಡಿತ್ತೆಂದು ಅರ್ಥ. ಹರಿದ ಕಡೆ ಇನ್ನೊಂದು ಒದ್ದೆ ತುಂಡು ಕಾಗದ ಮೇಲಿಟ್ಟು ತಟ್ಟಿದರೆ ಸರಿಹೋಗುತ್ತದೆ. ಬಹುಪಾಲು ಒಣಗಿದ ಮೇಲೆ ಒಂದು ಮೂಲೆಯಿಂದ ಬಿಡಿಸಿ. ಸಮವಸ್ತ್ರಕ್ಕೆ ಕಾಡಿಗೆ ಹತ್ತಿದರೆ ಹೋಗದು. ಹಳೆಯ ಶರ್ಟು ತರಲು ಶಾಲೆಗೆ ಮೊದಲೇ ತಿಳಿಸಿ, ಇಲ್ಲವಾದರೆ ಮರುದಿನ ತಾಯಂದಿರ ಫೋನ್ ಬರುತ್ತದೆ.

ಮಕ್ಕಳಿಗೆ ಕೊನೆಗೊಂದು ಮಾತು ಸ್ಪಷ್ಟವಾಗಿ ಹೇಳಬೇಕು: ಊರಿನ ಗುಡಿಯ ಮುಂದಿನ ಶಾಸನದ ಮೇಲೆ ಇದನ್ನು ಮಾಡಬಾರದು. ಸಂರಕ್ಷಿತ ಸ್ಮಾರಕಗಳಲ್ಲಿ ಅಚ್ಚು ತೆಗೆಯಲು ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಬೇಕು. ಸೀಮೆಸುಣ್ಣ ತುಂಬುವುದು, ಹಿಟ್ಟು ಬಳಿಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು ಯಾವುದೂ ಬೇಡ. ಮೊಬೈಲ್ ಟಾರ್ಚ್ ಓರೆ ಹಿಡಿದು ತೆಗೆದ ಫೋಟೋ ಇವೆಲ್ಲಕ್ಕಿಂತ ಮೇಲು.

ಕಡತ ಮಾಡಿಸುವುದು

ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ‘ಕಡತ’ ಎನ್ನುವ ಅಧಿಕಾರಿಗಳೂ ನಿಜವಾದ ಕಡತ ನೋಡಿರುವುದಿಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ ಅದು. ಶಾನುಭೋಗರ ಲೆಕ್ಕ, ಮಠಗಳ ದಾಖಲೆ ಇದರಲ್ಲೇ ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಹೆಸರಾಂತವು.

24 ಮಕ್ಕಳಿಗೆ ಲೆಕ್ಕ ಹೀಗೆ. ಒಂದು ಗಜ ಪನ್ನದ (ಅಗಲದ) ಖಾದಿ ಬಟ್ಟೆ ಎರಡು ಮೀಟರ್. 9 ಅಂಗುಲ ಅಗಲ, ಒಂದಡಿ ಉದ್ದದ 24 ತುಂಡು ಆಗುತ್ತದೆ. ಗಂಜಿ ಹೋಗುವಂತೆ ಬಿಸಿನೀರಿನಲ್ಲಿ ಒಗೆದು ಒಣಗಿಸಿ. ಗಂಜಿ ಉಳಿದರೆ ಅಂಟು ಹಿಡಿಯದು. ಕಾಲು ಕಿಲೋ ಹುಣಸೆಬೀಜವನ್ನು ಹುರಿದು, ಬಿಸಿಯಿರುವಾಗಲೇ ಕುಟ್ಟಿ ಕೆಂಪು ಸಿಪ್ಪೆ ಪೂರ್ತಿ ತೆಗೆದು, ಬಿಳಿ ಬೇಳೆಯನ್ನು ರಾತ್ರಿಯಿಡೀ ನೆನೆಸಿ, ನುಣ್ಣಗೆ ರುಬ್ಬಿ ಎರಡು ಲೀಟರ್ ನೀರಿನಲ್ಲಿ ಅರ್ಧ ಗಂಟೆ ತಿರುವುತ್ತ ಕುದಿಸಿ. ಮಜ್ಜಿಗೆಹುಳಿಯ ಹದಕ್ಕೆ ಬರಬೇಕು. ಬಟ್ಟೆಯಲ್ಲಿ ಸೋಸಿ, ವಸ್ತ್ರಗಾಳಿತ ಮಾಡಿದ ಇದ್ದಿಲ ಪುಡಿ ಸುಮಾರು 150 ಗ್ರಾಂ ಬೆರೆಸಿ.

ಮೊದಲ ಬಳಿತ ತೆಳ್ಳಗೆ, ಎರಡೂ ಬದಿಗೆ. ನೆರಳಲ್ಲಿ ಒಣಗಿದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಕೊನೆಗೆ ನುಣುಪು ಹೊಳೆಗಲ್ಲಿನಿಂದ ಉಜ್ಜಿದರೆ ಹದವಾಗಿ ಮಿನುಗುತ್ತದೆ. ಇದಕ್ಕೆ ಎರಡು ದಿನ ಬೇಕು, ಮಕ್ಕಳು ಇರುವುದು ಎರಡು ಗಂಟೆ. ಟಿವಿ ಅಡುಗೆಯವರ ಉಪಾಯವೇ ಇಲ್ಲೂ ನಡೆಯುತ್ತದೆ: ಒಂದು ತುಂಡಿಗೆ ಮಕ್ಕಳೇ ಬಳಿಯಲಿ, ಬರೆಯಲು ನೀವು ಮೊದಲೇ ಮಾಡಿಟ್ಟದ್ದನ್ನು ಕೊಡಿ.

ಮುಟ್ಟಿದರೆ ಕೈ ಕಪ್ಪಾದರೆ ಅಂಟು ಕಡಿಮೆಯಾಗಿದೆ. ಬಳಪ ಜಾರಿ ಗೀಟು ಮೂಡದಿದ್ದರೆ ಅಂಟು ಹೆಚ್ಚಾಗಿದೆ. ತರಿತರಿಯಾಗಿದ್ದರೆ ಇದ್ದಿಲು ಸೋಸಿಲ್ಲ, ಅಥವಾ ಸಿಪ್ಪೆ ಉಳಿದಿದೆ. ಬಿಸಿಲಿಗೆ ಹಾಕಿದರೆ ಮುದುರಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಮಾಡಲೇಬೇಡಿ, ಬೂಷ್ಟು ಹಿಡಿದು ನಾರುತ್ತದೆ. ಹುಳು ಬಾರದಿರಲಿ ಎಂದು ಮೈಲುತುತ್ತ ಬೆರೆಸುವವರಿದ್ದಾರೆ. ಅದು ವಿಷ, ಮಕ್ಕಳ ಕೆಲಸದಲ್ಲಿ ಕೂಡದು.

ಬರೆಯಲು ‘ನಿಮ್ಮ ಹೆಸರು’ ಎನ್ನಬೇಡಿ, ಲೆಕ್ಕ ಕೊಡಿ. 1957ರ ಏಪ್ರಿಲ್ 1ಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಸೇರಿಗೆ 4 ಪಾವು, ಪಾವಿಗೆ 4 ಚಟಾಕು. ‘ಸೇರಿಗೆ 6 ಆಣೆಯಂತೆ ಎರಡು ಸೇರು ಮೂರು ಪಾವು ರಾಗಿಗೆ ಎಷ್ಟು?’ ಒಂದು ರೂಪಾಯಿ 6 ಪೈ ಎಂದು ಬರುವ ಹೊತ್ತಿಗೆ ದಶಮಾಂಶ ಪದ್ಧತಿ ಏಕೆ ಬಂತೆಂದು ಯಾರೂ ಹೇಳಬೇಕಾಗುವುದಿಲ್ಲ.

ಶಾಲೆಗೆ ಹೋಗುವ ಪೆಟ್ಟಿಗೆ

ಬಸ್ಸಿಗೆ ದುಡ್ಡಿಲ್ಲದ ಶಾಲೆಗಳೇ ಹೆಚ್ಚು. ಅಲ್ಲಿಗೆ ಒಂದು ಟ್ರಂಕು ಹೋಗಲಿ. ಒಳಗೆ ಹತ್ತು ವಸ್ತು ಸಾಕು: ಪಾವು, ಸೇರು, ಅಡಕತ್ತರಿ, ಲಾಟೀನು, ದನದ ಕೊರಳಗಂಟೆ, ಕಡತ, ತಾಳೆಗರಿ ಮತ್ತು ಅದರ ಮೇಲೆ ಬರೆಯುವ ಕಂಟ, ಅಳಗುಳಿಮಣೆ, ಒಂದು ಶಾಸನದ ಅಚ್ಚು, ಹಳೆಯ ಆಣೆ ನಾಣ್ಯಗಳು. ಮ್ಯೂಸಿಯಂ ದಾಖಲೆಗೆ ಏರಿದ ವಸ್ತುವನ್ನು ಇದರಲ್ಲಿ ಹಾಕಬಾರದು. ಸಂತೆಯಲ್ಲಿ, ಗುಜರಿಯಲ್ಲಿ ಸಿಗುವುದನ್ನೇ ಕೊಂಡು ಹಾಕಿ. 100 ವರ್ಷ ದಾಟಿದ ವಸ್ತು 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು, ಹಸ್ತಪ್ರತಿಯಾದರೆ 75 ವರ್ಷಕ್ಕೇ ಆ ಲೆಕ್ಕ. ಹಾಗಾಗಿ ತಾಳೆಗರಿ ಹೊಸದಾಗಿ ಬರೆಸಿದ್ದಾಗಿರಲಿ. ಪೆಟ್ಟಿಗೆ 12 ಕಿಲೋ ಮೀರದಿರಲಿ, ಮೇಷ್ಟ್ರು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬೇಕು. ಮುಚ್ಚಳದ ಒಳಗೆ ಎಲ್ಲ ವಸ್ತುಗಳ ಫೋಟೋ ಅಂಟಿಸಿದರೆ ಮರಳಿಸುವಾಗ ಎಣಿಕೆ ಒಂದು ನಿಮಿಷದ ಕೆಲಸ. ಎರಡು ವಾರದ ಗಡುವು ಹಾಕಿ. ತಿಂಗಳು ಬಿಟ್ಟರೆ ಬೀರುವಿನ ಮೇಲೆ ಏರಿ ಕೂರುತ್ತದೆ. ನಾಣ್ಯ ಕಳೆಯುತ್ತದೆ, ಕಳೆಯುವುದೆಂದೇ ಲೆಕ್ಕ ಹಾಕಿ ಹೆಚ್ಚಿಗೆ ಇಟ್ಟುಕೊಳ್ಳಿ. ಕಣ್ಣು ಕಾಣದ ಮಕ್ಕಳಿರುವ ಶಾಲೆಗೆ ಈ ಪೆಟ್ಟಿಗೆ ಮತ್ತು ಕಡಪ ಕಲ್ಲಿನ ಹಲಗೆ ಎರಡನ್ನೂ ಕಳಿಸಿ. ಮೂರು ಮಿಲಿಮೀಟರ್ ಆಳ ಬೆರಳಿಗೆ ಸಲೀಸಾಗಿ ಸಿಗುತ್ತದೆ.

ಹಳ್ಳಿಯ ಸಂಜೆ

ಊರಿನವರಿಗೆ ಕಾರ್ಯಕ್ರಮವೆಂದರೆ ಸಂಜೆ 7 ಗಂಟೆಗೆ, 40 ನಿಮಿಷ, ಗುಡಿ ಜಗಲಿಯಲ್ಲೋ ಶಾಲೆ ಅಂಗಳದಲ್ಲೋ. ಸುಗ್ಗಿಯಲ್ಲಿ ಬೇಡ. ಪೋಸ್ಟರ್ ಹಚ್ಚಬೇಕಾದದ್ದು ಹಾಲಿನ ಡೇರಿಯಲ್ಲಿ, ಬೆಳಗ್ಗೆ ಸಂಜೆ ಮನೆಗೊಬ್ಬರು ಅಲ್ಲಿಗೆ ಬರುತ್ತಾರೆ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೂ ಒಂದು ಹಚ್ಚಿ. ಹೆಂಗಸರು ಬರಬೇಕಾದರೆ ಸ್ತ್ರೀಶಕ್ತಿ ಸಂಘದವರಿಗೆ ಹೇಳಿ.

ಕಾರ್ಯಕ್ರಮಕ್ಕೆ ಮೊದಲು ಒಬ್ಬರೇ ಹೋಗಿ ಆ ಊರಿನ ಕಲ್ಲು ನೋಡಿ ಬನ್ನಿ. ಅದಕ್ಕೆ ಪೂಜೆ ನಡೆಯುತ್ತಿರಬಹುದು. ವೀರಗಲ್ಲು ವೀರಪ್ಪನಾಗಿ, ಮಾಸ್ತಿಕಲ್ಲು ಮಾಸ್ತಮ್ಮನಾಗಿ ಎಣ್ಣೆ, ಕುಂಕುಮ ಹೊತ್ತು ನಿಂತಿರುತ್ತದೆ. ಎಣ್ಣೆ ಒರೆಸಲು ಕೈ ಹಾಕಬೇಡಿ. ಚಪ್ಪಲಿ ಬಿಟ್ಟು, ಪೂಜೆ ಮಾಡುವವರನ್ನು ಕೇಳಿ ಫೋಟೋ ತೆಗೆಯಿರಿ. ‘ಇದು ದೇವರಲ್ಲ, ಸ್ಮಾರಕ’ ಎಂದು ಪಾಂಡಿತ್ಯ ತೋರಿಸಿದವರಿಗೆ ಆ ಊರಿನಲ್ಲಿ ಎರಡನೇ ಕಾರ್ಯಕ್ರಮ ಇರುವುದಿಲ್ಲ. ಎನಾಮೆಲ್ ಪೇಂಟ್ ಬಳಿಯುವ ಆಲೋಚನೆ ಊರಲ್ಲಿದ್ದರೆ ಮಾತ್ರ ಕೂತು ಮಾತಾಡಿ: ಬಣ್ಣ ಅಕ್ಷರದೊಳಗೆ ತುಂಬಿಕೊಂಡರೆ ಅಜ್ಜಂದಿರ ಹೆಸರೇ ಮುಚ್ಚಿಹೋಗುತ್ತದೆ ಎಂಬ ಮಾತು ನಾಟುತ್ತದೆ.

ಸಭೆಯಲ್ಲಿ ಖಂಡಿತ ಬರುವ ಪ್ರಶ್ನೆ ಎರಡು. ಒಂದು, ‘ನಿಧಿ ಎಲ್ಲಿದೆ?’ ಸೂರ್ಯಚಂದ್ರರ ಗುರುತು, ಲಿಂಗಮುದ್ರೆ ಕಲ್ಲು, ಕತ್ತೆ ಚಿತ್ರದ ಕಲ್ಲು ಇವನ್ನೆಲ್ಲ ನಿಧಿಯ ಗುರುತೆಂದು ನಂಬಿ ರಾತ್ರಿ ಅಗೆಯುವವರಿಂದ ಉರುಳಿದ ಕಲ್ಲುಗಳು ಕಡಿಮೆಯಲ್ಲ. ನೇರವಾಗಿ ಹೇಳಿ: ಸೂರ್ಯಚಂದ್ರರೆಂದರೆ ಅವರಿರುವವರೆಗೂ ಈ ದಾನ ನಡೆಯಲಿ ಎಂದರ್ಥ. ಲಿಂಗಮುದ್ರೆ ದಾನದ ಜಮೀನಿನ ಎಲ್ಲೆ. ಕತ್ತೆ ಚಿತ್ರ, ದಾನ ಕೆಡಿಸಿದವನಿಗೆ ಇಟ್ಟ ಬೈಗುಳ. ಬೈಗುಳದ ಭಾಗ ಬಂದಾಗ ಸಭೆ ನಗುತ್ತದೆ. ಆ ನಗು ಅಗೆತವನ್ನು ತಡೆಯುವಷ್ಟು ಕಾಯ್ದೆ ತಡೆಯದು. ಕಾಯ್ದೆಯನ್ನೂ ಹೇಳಿ: ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆಯಲ್ಲಿದೆ. ಯಾರಾದರೂ ನಾಣ್ಯ ತಂದು ‘ಎಷ್ಟು ಬೆಲೆ?’ ಎಂದರೆ ಬೆಲೆ ಹೇಳಬೇಡಿ, ಸಭೆಯಲ್ಲಂತೂ ಬೇಡ.

ಇನ್ನೊಂದು, ‘ಈ ವೀರ ಯಾವ ಜಾತಿಯವನು?’ ಶಾಸನದಲ್ಲಿ ಬರೆದಿದ್ದರೆ ಬರೆದ ಪದವನ್ನು ಓದಿ, ಅಷ್ಟೇ. ಬರೆದಿಲ್ಲವಾದರೆ ‘ಬರೆದಿಲ್ಲ’ ಎನ್ನಿ. ಊಹೆಗೆ ಇಳಿದರೆ ಮರುವಾರ ಕಲ್ಲಿಗೊಂದು ಬಾವುಟ ಬರುತ್ತದೆ.

ಕೊನೆಯ ಹತ್ತು ನಿಮಿಷ ಎಲ್ಲರನ್ನೂ ಕಲ್ಲಿನ ಹತ್ತಿರ ಕರೆದೊಯ್ದು ಬೀದಿದೀಪ ಆರಿಸಿ, ಟಾರ್ಚ್ ಓರೆ ಹಿಡಿಯಿರಿ. ಮ್ಯೂಸಿಯಂಗೆ ಬಂದು ಕಲಿತ ಮಗುವೊಂದು ಊರಲ್ಲಿದ್ದರೆ ಓದುವ ಕೆಲಸ ಅದಕ್ಕೇ ಬಿಡಿ. ನೀವು ಪಕ್ಕದಲ್ಲಿ ನಿಂತಿದ್ದರೆ ಸಾಕು.

ಆಮೇಲೆ

ಅಭಿಪ್ರಾಯ ಪುಸ್ತಕದಲ್ಲಿ ‘ಕಾರ್ಯಕ್ರಮ ಚೆನ್ನಾಗಿತ್ತು’ ಎಂದು ನೂರು ಸಲ ಬರೆಸಿಕೊಂಡು ಪ್ರಯೋಜನವಿಲ್ಲ. ಮಗುವಿಗೆ ಒಂದು ಖಾಲಿ ಕಾರ್ಡ್ ಕೊಟ್ಟು ‘ನಿಮ್ಮ ಊರಲ್ಲಿ ಬರಹವೋ ಚಿತ್ರವೋ ಇರುವ ಕಲ್ಲು ಎಲ್ಲಿದೆ?’ ಎಂದು ಬರೆದು ಕಳಿಸಲು ಹೇಳಿ. ತಿಂಗಳೊಳಗೆ ಎಷ್ಟು ಕಾರ್ಡ್ ಬಂತು ಎಂಬುದೇ ನಿಮ್ಮ ಅಂಕ. ಪ್ರತಿ ಕಾರ್ಡಿಗೂ ಉತ್ತರ ಹೋಗಬೇಕು, ಎರಡು ಸಾಲಾದರೂ ಸರಿ, ಮಗುವಿನ ಹೆಸರಿಗೆ, ಶಾಲೆಯ ವಿಳಾಸಕ್ಕೆ.

ಬಂದ ಕಾರ್ಡುಗಳಿಂದ ಒಂದು ದಪ್ಪ ರಿಜಿಸ್ಟರ್ ತೆರೆಯಿರಿ: ಊರು, ಕಲ್ಲು ಇರುವ ಜಾಗ, ಎತ್ತರ–ಅಗಲ, ಫೋಟೋ, ಶಾಸನ ಸಂಪುಟದಲ್ಲಿದ್ದರೆ ಆವೃತ್ತಿ ಮತ್ತು ಸಂಖ್ಯೆ, ಇಲ್ಲದಿದ್ದರೆ ಆ ಕಾಲಂ ಖಾಲಿ. ಖಾಲಿ ಬಿಟ್ಟ ಕಲ್ಲುಗಳ ಫೋಟೋಗಳನ್ನು ವರ್ಷಕ್ಕೊಮ್ಮೆ ಮೈಸೂರಿನ ಪುರಾತತ್ವ ಇಲಾಖೆಗೂ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೂ ಕಳಿಸಿ. ಪ್ರತಿ ಜನವರಿಯಲ್ಲಿ ಅದೇ ಜಾಗದಲ್ಲಿ ನಿಂತು ಅದೇ ಕಲ್ಲಿನ ಫೋಟೋ ಮತ್ತೆ ತೆಗೆಸಿ. ಆ ಊರಿನ ಮಗುವಿನಿಂದಲೇ ತೆಗೆಸಿದರೆ ಪೆಟ್ರೋಲ್ ಖರ್ಚೂ ಉಳಿಯುತ್ತದೆ.